ಬೀದರಿನವರೇ, ಈ ಸಾಮಾನು ಎಲ್ಲಿಡೋಣ?

ಬೀದರ್ ಊರಿನ ಆಡಳಿತ ನೋಡಿಕೊಳ್ಳುವವರಿಗೂ, ಹಳೆ ಊರಿನ ಅಂಗಡಿಯವರಿಗೂ, ಊರಿನ ಎಲ್ಲ ಜನರಿಗೂ,

ಶರಣು ಶರಣಾರ್ಥಿ.

ಮೊದಲೇ ಹೇಳಿಬಿಡುತ್ತೇನೆ. ನಾನು ದೊಡ್ಡದೇನೂ ಕೇಳಲು ಬರೆಯುತ್ತಿಲ್ಲ. ಹೊಸ ರೈಲು ಬೇಡ, ಹೊಸ ವಿಮಾನ ಬೇಡ, ಕೋಟೆಗೆ ಬಣ್ಣದ ದೀಪವೂ ಬೇಡ. ನನಗೆ ಬೇಕಾದದ್ದು ಒಂದು ಕೋಣೆ. ಹತ್ತಡಿ ಉದ್ದ, ಹತ್ತಡಿ ಅಗಲ ಇದ್ದರೆ ಸಾಕು. ಒಳಗೆ ನಾಲ್ಕು ಕಬ್ಬಿಣದ ಕಪಾಟು, ಒಂದು ಟೇಬಲ್ಲು, ಒಂದು ವಹಿ, ಕೂತಿರಲು ಒಬ್ಬರು. ಊರು ಬಿಟ್ಟು ಹೋಗುವವರು ಹೊರಡುವ ದಿನ ತಮ್ಮ ಸಾಮಾನು ಅಲ್ಲಿಟ್ಟು, ಚೀಟಿ ತಗೊಂಡು, ಕೈ ಬೀಸಿಕೊಂಡು ಊರು ಸುತ್ತಿ ಬರಬೇಕು. ಅಷ್ಟೇ.

ಇಷ್ಟು ಸಣ್ಣ ಮಾತಿಗೆ ಇಷ್ಟುದ್ದ ಪತ್ರ ಯಾಕೆ ಅಂತ ನೀವು ಕೇಳಬಹುದು. ಹೇಳುತ್ತೇನೆ.

ನಾನು ಬೀದರಿನ ಮಗಳು. ಹಳೆ ಊರಿನ ಚೌಬಾರಾ ಗೋಪುರದಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದ ಓಣಿಯಲ್ಲಿ ಬೆಳೆದವಳು. ಮೂವತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಅಲ್ಲಿ ಯಾರಾದರೂ ನಿಮ್ಮೂರು ಯಾವುದು ಅಂತ ಕೇಳಿದರೆ ಬೀದರ್ ಅನ್ನುತ್ತೇನೆ. "ಅಯ್ಯೋ, ಅಷ್ಟು ದೂರಾನಾ!" ಅನ್ನುತ್ತಾರೆ. ಹೌದು, ಹತ್ತಿರ ಹತ್ತಿರ 700 ಕಿಲೋಮೀಟರು. ಬೀದರ್ ಕರ್ನಾಟಕದ ಕಿರೀಟ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ. ಕಿರೀಟ ಅಂದಮೇಲೆ ಅದು ತುದಿಯಲ್ಲೇ ಇರಬೇಕು, ಅಲ್ವಾ?

ಅಪ್ಪ ಹೋದ ಮೇಲೆ 2013ರಲ್ಲಿ ಮನೆ ಮಾರಿದೆವು. ಕೆಂಪು ಕಲ್ಲಿನ ಗೋಡೆ, ನಡುವೆ ಅಂಗಳ, ಅಂಗಳದ ಮೂಲೆಗೆ ಒಂದು ಸೀತಾಫಲದ ಗಿಡ. ಈಗ ಅಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಮೊಬೈಲ್ ಅಂಗಡಿ. ಮನೆ ಮಾರಿದವರಿಗೆ ಒಂದು ವಿಷಯ ತಡವಾಗಿ ತಿಳಿಯುತ್ತದೆ. ಮಲಗಲು ಲಾಡ್ಜು ಸಿಗುತ್ತದೆ. ಉಣ್ಣಲು ಖಾನಾವಳಿ ಸಿಗುತ್ತದೆ. ಆದರೆ ಚೀಲವನ್ನು ಒಂದು ಮೂಲೆಗೆ ಎಸೆದು, "ಬಂದೆ ತಡಿ" ಅಂತ ಕೂಗಿ ಹೊರಗೆ ಓಡಬೇಕೆಂದರೆ ಸ್ವಂತ ಮನೆಯೇ ಬೇಕು.

ಈ ದೀಪಾವಳಿಗೆ ಅವ್ವನನ್ನು ಕರೆದುಕೊಂಡು ಬಂದೆ. ಅವ್ವನಿಗೆ ಈಗ 74. ಹುಮನಾಬಾದ್ ತಾಲೂಕಿನ ಒಂದು ಹಳ್ಳಿಯಿಂದ 1970ರಲ್ಲಿ ಮದುವೆಯಾಗಿ ಬೀದರಿಗೆ ಬಂದವಳು. ಮನೆ ಮಾರುವ ತನಕ 43 ವರ್ಷ ಇಲ್ಲೇ ಇದ್ದವಳು. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಕೂತು, "ಒಂದ್ ಸಲ ಊರು ಕಣ್ಣಾಗ ತುಂಬ್ಕೊಂಡ್ ಬರಬೇಕು" ಅಂತ ಎರಡು ವರ್ಷದಿಂದ ಹೇಳುತ್ತಿದ್ದಳು.

ಐದು ದಿನ ಇದ್ದೆವು. ಮೊದಲ ನಾಲ್ಕು ದಿನ ಎಲ್ಲಿ ಹೋದವು ಅಂತ ಊರಿಗೆ ಬಂದು ಹೋಗುವ ಎಲ್ಲರಿಗೂ ಗೊತ್ತು. ಒಂದು ದಿನ ಚಿಗವ್ವನ ಮನೆ. ಒಂದು ದಿನ ಸೋದರತ್ತೆಯ ಮನೆ. ಒಂದು ದಿನ ನಮ್ಮ ಓಣಿಯಲ್ಲೇ ಇದ್ದ ಖಾಲಾ ಈಗಿರುವ ಮನೆ. ಮತ್ತೊಂದು ದಿನ, ಆ ಮೂರು ಮನೆಗೆ ಹೋಗಿದ್ದು ಗೊತ್ತಾಗಿ ಸಿಟ್ಟಾದವರ ಮನೆ. ಹೋಗದೆ ಇರುವ ಹಾಗಿಲ್ಲ. ಹೋದಲ್ಲಿ ಉಣ್ಣದೆ ಏಳುವ ಹಾಗಿಲ್ಲ. ಬೇಸರದಿಂದ ಹೇಳುತ್ತಿಲ್ಲ, ಆ ನಾಲ್ಕು ದಿನ ನಾನು ನಕ್ಕಷ್ಟು ವರ್ಷದಲ್ಲಿ ನಕ್ಕಿರಲಿಲ್ಲ. ಆದರೆ ಎಲ್ಲರೂ ಹೊಸ ಬಡಾವಣೆಗಳಿಗೆ ಹೋಗಿಬಿಟ್ಟಿದ್ದಾರೆ. ನಾಲ್ಕು ದಿನ ಬೀದರಿನಲ್ಲಿದ್ದೂ ನಾವು ಬೀದರ್ ನೋಡಿರಲಿಲ್ಲ. ಉಳಿದದ್ದು ಕೊನೆಯ ದಿನ. ಆ ದಿನ ಯಾರ ಮನೆಗೂ ಹೋಗಲ್ಲ, ಊರು ಮಾತ್ರ ನೋಡೋಣ ಅಂತ ಅವ್ವನೂ ನಾನೂ ಮಾತಾಡಿಕೊಂಡಿದ್ದೆವು.

ಲಾಡ್ಜಿನಲ್ಲಿ 24 ತಾಸಿನ ಲೆಕ್ಕ. ಬೆಳಿಗ್ಗೆ 8ಕ್ಕೆ ಬಂದವರು ಬೆಳಿಗ್ಗೆ 8ಕ್ಕೇ ಬಿಡಬೇಕು. ನಮ್ಮ ಬಸ್ಸು ಸಂಜೆ 6ಕ್ಕೆ. ನಡುವೆ ಹತ್ತು ತಾಸು. ಸಾಮಾನು ಇಲ್ಲೇ ಬಿಟ್ಟು ಹೋಗಲಾ ಅಂತ ಕೌಂಟರಿನಲ್ಲಿದ್ದ ಹುಡುಗನನ್ನು ಕೇಳಿದೆ. "ಏನರೆ ಕಳದ್ರ ನನ್ ಮ್ಯಾಗ ಬರ್ತದ ಮೇಡಂ. ಮಾಲಕರು ಬೈತಾರ" ಅಂದ. ಇನ್ನೊಂದು ದಿನದ ಬಾಡಿಗೆ ಕೊಟ್ಟರೆ ಇಡಬಹುದು ಅಂತಲೂ ಅಂದ, ನೆಲ ನೋಡಿಕೊಂಡು. ಬಸ್ಸು ಹತ್ತುವ ಕಡೆ ಫೋನ್ ಮಾಡಿದೆ. "ಬಸ್ ಬರಾ ಟೈಮಿಗಿ ತರ್ರಿ" ಅಂದರು. ಯಾವ ಲಾಡ್ಜು, ಯಾವ ಬಸ್ಸು ಅಂತ ಬರೆಯಲ್ಲ. ಅವರದೇನೂ ತಪ್ಪಿಲ್ಲ. ಪರರ ಗಂಟು ಕಾಯುವುದು ಯಾರ ಕೆಲಸವೂ ಅಲ್ಲ ನೋಡಿ. ಅದಕ್ಕೇ ಅದನ್ನು ಯಾರದಾದರೂ ಕೆಲಸ ಮಾಡಿ ಅಂತ ಕೇಳುತ್ತಿರುವುದು.

ಬಳಗದವರ ಮನೆಯಲ್ಲಿ ಇಡಬಹುದಿತ್ತಲ್ಲ ಅನ್ನುತ್ತೀರಾ? ಇಟ್ಟು ನೋಡಿ. "ಬಾಗಿಲಿಗಿ ಬಂದು ಹಂಗ ಹೋಗ್ತೀರೇನು" ಅಂತ ಒಲೆ ಹಚ್ಚುತ್ತಾರೆ. ಅರ್ಧ ದಿನ ಅಲ್ಲೇ ಮುಗಿಯಿತು.

ಇನ್ನು ಸಾಮಾನಿನ ಕಥೆ. ಬರುವಾಗ ನಮ್ಮ ಹತ್ತಿರ ಎರಡು ಚೀಲ ಇದ್ದವು. ಹೋಗುವಾಗ ಆರು. ಚಿಗವ್ವ ಕೊಟ್ಟ ಕಡಕ್ ರೊಟ್ಟಿ, ಒಂದು ಬಟ್ಟೆಯಲ್ಲಿ ಸುತ್ತಿ ಮತ್ತೊಂದು ಬಟ್ಟೆಯಲ್ಲಿ ಕಟ್ಟಿದ್ದು. ಅದರ ಮೇಲೆ ಏನೂ ಇಡುವಂತಿಲ್ಲ. ಸೋದರತ್ತೆಯ ಶೇಂಗಾ ಹಿಂಡಿ, ಎಣ್ಣೆ ಬಿಡುವ ಜಾತಿಯದು. ಅದನ್ನು ಯಾವುದರ ಮೇಲೂ ಇಡುವಂತಿಲ್ಲ. ತೊಗರಿ ಬೇಳೆ ಐದು ಕಿಲೋ. ಬೆಲ್ಲ. ಖಾಲಾ ಕೊಟ್ಟ ಬಿಸ್ಕತ್ತಿನ ಡಬ್ಬಿ. ಎಲ್ಲಕ್ಕಿಂತ ಕಷ್ಟದ್ದು ಸೀತಾಫಲದ ಬುಟ್ಟಿ. ಸೀತಾಫಲ ನಿಮಗೇ ಗೊತ್ತಲ್ಲ. ಬೆಳಿಗ್ಗೆ ಕಲ್ಲಿನ ಹಾಗಿರುತ್ತದೆ, ಮಧ್ಯಾಹ್ನ ಬೆರಳು ತಾಗಿದರೂ ಒಡೆಯುತ್ತದೆ. ಬಿಸಿಲಿಗೆ ಇಡುವಂತಿಲ್ಲ, ಒತ್ತುವಂತಿಲ್ಲ, ಮರೆಯುವಂತಿಲ್ಲ. ಕೈಗೂಸಿನ ಹಾಗೆ.

ಈ ಆರು ಚೀಲ, 74 ವರ್ಷದ ಅವ್ವ, ಮಂಡಿ ನೋವಿನ ನಾನು. ಆಟೋ ಹತ್ತಿದೆವು.

ಮೊದಲು ಹೋದದ್ದು ನಾನಕ್ ಝೀರಾ ಗುರುದ್ವಾರಕ್ಕೆ. ಗುರು ನಾನಕರು ಇಲ್ಲಿಗೆ ಬಂದಾಗ ಸಿಹಿ ನೀರಿಗೆ ಬರ ಇತ್ತಂತೆ. ಅವರು ಕಾಲಿನಿಂದ ಒಂದು ಕಲ್ಲು ಸರಿಸಿದರು, ಕೆಳಗಿನಿಂದ ನೀರು ಚಿಮ್ಮಿತು ಅಂತ ಕಥೆ. ಇವತ್ತಿಗೂ ಆ ಝರಿ ಹರಿಯುತ್ತಿದೆ. ನಾವು ಸಣ್ಣವರಿದ್ದಾಗ ಶಾಲೆ ಬಿಟ್ಟು ಲಂಗರಿನ, ಅಂದರೆ ಅಲ್ಲಿ ಎಲ್ಲರಿಗೂ ಪುಕ್ಕಟೆ ಹಾಕುವ ಊಟದ, ರೋಟಿ-ದಾಲ್ ತಿನ್ನಲು ಹೋಗುತ್ತಿದ್ದೆವು. ಯಾರೂ ಯಾವ ಜಾತಿ, ಯಾರ ಮಕ್ಕಳು ಅಂತ ಕೇಳುತ್ತಿರಲಿಲ್ಲ. 1699ರಲ್ಲಿ ಗುರು ಗೋವಿಂದ ಸಿಂಗರು ಆರಿಸಿದ ಪಂಜ್ ಪ್ಯಾರೆ, ಅಂದರೆ ಐವರು ಪ್ರಿಯ ಶಿಷ್ಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೇ. ಬೀದರ್ ಬಿಟ್ಟು ದೂರ ಹೋದ ಮೊದಲಿಗರು ನಾವಲ್ಲ ಅಂತ ಹೇಳಿದೆ, ಅಷ್ಟೇ.

ಅಲ್ಲಿ ಚಪ್ಪಲಿ ಇಡುವ ಕಟ್ಟೆಯಲ್ಲಿ ಒಬ್ಬ ಹಿರಿಯರು ನಿಂತಿದ್ದರು. ನನ್ನ ಸವೆದ ಚಪ್ಪಲಿಯನ್ನು ಎರಡು ಕೈಯಲ್ಲಿ ತಗೊಂಡರು. ಕಪಾಟಿನಲ್ಲಿಟ್ಟು ಒಂದು ಟೋಕನ್ ಕೊಟ್ಟರು. ಅದು ಅವರಿಗೆ ಸೇವೆ. ನನಗೆ ತಟ್ಟನೆ ಹೊಳೆದದ್ದು ಅಲ್ಲೇ. ಒಂದು ಊರಿನಲ್ಲಿ ಗುರುತಿಲ್ಲದವರ ಚಪ್ಪಲಿಯನ್ನು ಇಷ್ಟು ಮರ್ಯಾದೆಯಿಂದ ಕಾಯುತ್ತಾರೆ ಅಂದರೆ, ಅದೇ ಊರಿನಲ್ಲಿ ಚೀಲ ಕಾಯುವುದು ಯಾಕೆ ಆಗಬಾರದು? ಕೇಳಿದ್ದರೆ ಅವರು ನಮ್ಮ ಚೀಲಗಳನ್ನೂ ಇಟ್ಟುಕೊಳ್ಳುತ್ತಿದ್ದರೋ ಏನೋ. ಶೇಂಗಾ ಹಿಂಡಿ ಸೋರುವ ಗಂಟು ಹಿಡಿದು ಕೇಳಲು ನನಗೇ ನಾಚಿಕೆಯಾಯಿತು. ಹಾಗಾಗಿ ಅವ್ವ ಹೋಗಿ ಬರುವ ತನಕ ನಾನು ಹೊರಗೆ. ನಾನು ಹೋಗಿ ಬರುವ ತನಕ ಅವ್ವ ಹೊರಗೆ. ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಲಂಗರ್ ಉಂಡೆವು. ಅವ್ವನ ಜೊತೆ ಪ್ರಯಾಣ ಬಂದು ಅವ್ವನ ಪಕ್ಕ ಕೂತು ಉಣ್ಣಲು ಆಗಲಿಲ್ಲ.

ಅಲ್ಲಿಂದ ಕೋಟೆಗೆ. ಆಟೋದವನನ್ನು ಕೇಳಿದೆ, ಸಾಮಾನು ನಿನ್ನ ಗಾಡಿಯಲ್ಲೇ ಇರಲಿ, ಎರಡು ತಾಸು ನಿಲ್ಲುತ್ತೀಯಾ ಅಂತ. "ನಾ ನಿಂತ್ರ ನನ್ ದಿನಾ ಹೋಗ್ತದ ಅಕ್ಕಾ. ನೀವು ಕೊಡಾದು ಸಾಲಂಗಿಲ್ಲ, ನಾ ಕೇಳಾದು ನಿಮಗ ಜಾಸ್ತಿ ಆಗ್ತದ" ಅಂದ. ಇಷ್ಟು ನೇರವಾಗಿ ಲೆಕ್ಕ ಹೇಳುವ ಮನುಷ್ಯ ನನಗೆ ಬೆಂಗಳೂರಿನಲ್ಲಿ ಸಿಕ್ಕಿಲ್ಲ.

ಕೋಟೆಯ ಬಾಗಿಲ ಹತ್ತಿರ ಒಂದು ಬೇವಿನ ಗಿಡದ ಕೆಳಗೆ ಅವ್ವ ಕೂತಳು. ಸುತ್ತ ಆರು ಚೀಲ. "ನೀ ನೋಡ್ಕೊಂಡ್ ಬಾ. ನಂದೇನು" ಅಂದಳು. ನಾನು ಒಳಗೆ ಹೋದೆ. ಕಲ್ಲನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ. ಶರ್ಜಾ ದರವಾಜೆ. ಹದಿನಾರು ಕಂಬದ ಮಸೀದಿ. ಬಹಮನಿ ಅರಸ ಅಹ್ಮದ್ ಶಾ 15ನೇ ಶತಮಾನದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಕಿತ್ತು ಇಲ್ಲಿಗೆ ತಂದ. ಆ ಅರಸ ಅಷ್ಟೂ ಸಾಮಾನು ಎಲ್ಲಿಳಿಸಿದನೋ ಅಂತ ನಗು ಬಂತು. ರಂಗೀನ್ ಮಹಲಿನ ಗೋಡೆಯಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂಡಿಸಿದ್ದಾರೆ. ಬೆಳಕು ಬಿದ್ದ ಕಡೆ ಬಣ್ಣ ಬದಲಾಗುತ್ತದೆ. ಅದರ ಮುಂದೆ ಅರ್ಧ ದಿನ ಕೂತರೂ ಸಾಲದು. ನಾನು ಕೋಟೆಗೆ ಕೊಟ್ಟದ್ದು 45 ನಿಮಿಷ. ಅದರಲ್ಲೂ ಕಣ್ಣು ಗಡಿಯಾರದ ಮೇಲೆ, ಮನಸ್ಸು ಬೇವಿನ ಗಿಡದ ಕೆಳಗೆ. ಅವ್ವನಿಗೆ ನೀರು ಇದೆಯಾ? ಬಿಸಿಲು ಸರಿಯಿತಾ? ಆ ಚೀಲ ಬಿಟ್ಟು ಬಾತ್‌ರೂಮಿಗಾದರೂ ಹೇಗೆ ಹೋಗುತ್ತಾಳೆ? ಓಡುತ್ತಲೇ ಬಂದೆ. ಅವ್ವ ಹಾಗೇ ಕೂತಿದ್ದಳು, ಸೀತಾಫಲದ ಬುಟ್ಟಿಗೆ ಸೆರಗು ಮುಚ್ಚಿಕೊಂಡು.

ಮಧ್ಯಾಹ್ನ 12ರ ಹೊತ್ತಿಗೆ ಹಳೆ ಊರಿನ ಒಂದು ಬಿದ್ರಿ ಅಂಗಡಿಗೆ ಹೋದೆವು. ಮಗಳಿಗೆ ಒಂದು ಸಣ್ಣ ಡಬ್ಬಿ ತಗೋಬೇಕಿತ್ತು. ಬಿದ್ರಿ ಕೆಲಸದ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಕೋಟೆಯ ಮಣ್ಣಿದೆ ಅನ್ನುವುದು ಹೊರಗಿನವರಿಗೆ ಗೊತ್ತಿರಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಹದಿನಾರಕ್ಕೆ ಒಂದು ಪಾಲಿನಷ್ಟು, ಎರಕ ಹೊಯ್ಯುತ್ತಾರೆ. ಉಳಿಯಿಂದ ಗೀರಿ, ಗೀರಿದಲ್ಲಿ ಬೆಳ್ಳಿಯ ಎಳೆ ಕೂಡಿಸುತ್ತಾರೆ. ಆಗ ನೋಡಿದರೆ ಏನೂ ಕಾಣಲ್ಲ. ಬೆಳ್ಳಿಯೂ ಬಿಳಿ, ಸತುವೂ ಬಿಳಿ. ಆಮೇಲೆ ಕೋಟೆಯ ಹಳೆ ಗೋಡೆಗಳ ಕಡೆಯಿಂದ ತಂದ, ಮಳೆ ಬಿಸಿಲು ಕಾಣದ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿ ಉಜ್ಜುತ್ತಾರೆ. ಸತುವು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಉಳಿಯುತ್ತದೆ. ಆ ಮಣ್ಣು ಸರಿಯಿದೆಯಾ ಅಂತ ಹಳೆ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಈ ಕೆಲಸಕ್ಕೆ 2006ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದೇ ಕೆಲಸ ಅನ್ನುವ ಸರ್ಕಾರಿ ಗುರುತು, ಬಂತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಅವ್ವ ಟಿವಿ ಮುಂದೆ ಕೂತು, "ನಮ್ಮೂರವರು, ನಮ್ಮೂರವರು" ಅಂತ ಅಕ್ಕಪಕ್ಕದ ಮನೆಗೆಲ್ಲ ಕೇಳುವ ಹಾಗೆ ಹೇಳಿದ್ದಳು.

ಅಂಗಡಿಯ ಚಾಚಾ ನಮ್ಮ ಚೀಲಗಳನ್ನು ನೋಡಿದರು. ಅವ್ವನ ಮುಖ ನೋಡಿದರು. "ಇಲ್ಲೇ ಇಟ್ ಹೋಗ್ರಿ ಬೇಟಿ. ಆದ್ರ ಇವತ್ತ ಶುಕ್ರವಾರ ಅದ. ಒಂದಕ್ಕ ನಮಾಜಿಗಿ ಅಂಗಡಿ ಬಂದ್ ಮಾಡ್ತೀನಿ. ಅಷ್ಟರಾಗ ಬರ್ರಿ" ಅಂದರು.

ನಮಗೆ ಸಿಕ್ಕಿದ್ದು ಅರ್ಧ ತಾಸಿಗಿಂತ ತುಸು ಜಾಸ್ತಿ. ಆ ಅರ್ಧ ತಾಸಿನ ಬಗ್ಗೆ ಹೇಳಲೇಬೇಕು.

ಅಂಗಡಿಯಿಂದ ಇಳಿದ ಕೂಡಲೇ ಅವ್ವ ನನ್ನ ಕೈ ಹಿಡಿದಳು. ಬೆಳಿಗ್ಗೆಯಿಂದ ನಾಲ್ಕೂ ಕೈಯಲ್ಲಿ ಸಾಮಾನು ಇತ್ತು, ಕೈ ಹಿಡಿಯಲು ಕೈಯೇ ಇರಲಿಲ್ಲ. ಚೌಬಾರಾದ ಕಡೆ ನಡೆದೆವು. 71 ಅಡಿ ಎತ್ತರದ ಆ ದುಂಡು ಗೋಪುರವನ್ನು ಅವ್ವ ತಲೆ ಎತ್ತಿ ನೋಡಿದಳು. ಸುತ್ತ ತಿರುಗಿ, ನಾಲ್ಕು ರಸ್ತೆಗೂ ಬೆರಳು ಮಾಡಿ ಹೇಳುತ್ತಾ ಹೋದಳು. ಇಲ್ಲಿ ಗಿರಣಿ ಇತ್ತು, ಜೋಳ ಬೀಸಲು ಸರತಿಯಲ್ಲಿ ಡಬ್ಬಿ ಇಟ್ಟು ಬರುತ್ತಿದ್ದೆ. ಇಲ್ಲಿ ಬಳೆ ಅಂಗಡಿ, ನಿನ್ನ ಹೊಟ್ಟೆಯಲ್ಲಿಟ್ಟುಕೊಂಡಾಗ ಹಸಿರು ಬಳೆ ಇಟ್ಟದ್ದು ಇಲ್ಲೇ. ಇಲ್ಲಿ ನಿಮ್ಮಪ್ಪ ಸೈಕಲ್ಲಿನಿಂದ ಬಿದ್ದು, ಬಿದ್ದಿಲ್ಲ ಅಂತ ಸಾಧಿಸಿದ್ದು. ಐದು ದಿನದಲ್ಲಿ ಆಡದಷ್ಟು ಮಾತು ಆ ಅರ್ಧ ತಾಸಿನಲ್ಲಿ ಆಡಿದಳು. ನಮ್ಮ ಹಳೆ ಮನೆಯ ಓಣಿಯ ಬಾಯಿಗೂ ಹೋದೆವು. ಒಳಗೆ ಹೋಗಲಿಲ್ಲ. "ಸಾಕು" ಅಂದಳು. ಒಂದು ಮೊಳ ಸೇವಂತಿಗೆ ತಗೊಂಡು ಮುಡಿದಳು. ಒಂದಕ್ಕೆ ಐದು ನಿಮಿಷ ಇರುವಾಗ ಚಾಚಾನ ಅಂಗಡಿಗೆ ಓಡಿ ಬಂದೆವು.

ನಾನು ಕೇಳುತ್ತಿರುವುದು ಆ ಅರ್ಧ ತಾಸನ್ನು ಇಡೀ ದಿನ ಮಾಡಿ ಅಂತ.

ಚೀಲ ಮತ್ತೆ ಕೈಗೆ ಬಂದವು. ಹಳೆ ಕಾಲದ ವಿದ್ಯಾಲಯ ಮಹಮೂದ್ ಗವಾನ್ ಮದ್ರಸಾದ ಗೋಡೆಯ ನೆರಳಿಗೆ ಹೋಗಿ ಕೂತೆವು. ರೊಟ್ಟಿ, ಹಿಂಡಿ, ಒಂದು ಉಳ್ಳಾಗಡ್ಡಿ. ಊಟ ಆದ ಮೇಲೆ ಅವ್ವ ಎಂದಿನಂತೆ ಅಂದಳು.

"ನೀ ಒಳಗ ಹೋಗಿ ಬಾ. ನಾ ಇಲ್ಲೇ ಕೂಡತೀನಿ."

"ನೀನೂ ಬಾ ಅವ್ವಾ."

"ಸಾಮಾನು ಯಾರು ನೋಡ್ತಾರ?"

"ಹಂಗಾದ್ರ ಬಿಡು, ನಾನೂ ಹೋಗಲ್ಲ. ಇಬ್ಬರೂ ನೋಡಿದ್ದೇ ಅದಲ್ಲ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾ ಎಲ್ಲಿ ನೋಡೀನಿ?" ಅಂದಳು.

ನನಗೆ ಅರ್ಥ ಆಗಲಿಲ್ಲ. ಹಾಲು ತರಲು, ತರಕಾರಿ ತರಲು, ನಮ್ಮನ್ನು ಶಾಲೆಗೆ ಬಿಡಲು 43 ವರ್ಷ ಇದರ ಮುಂದೆಯೇ ಓಡಾಡಿದವಳು. ಸೊಲ್ಲಾಪುರದಿಂದ, ಹೈದರಾಬಾದಿನಿಂದ ಯಾರೇ ಬಂದರೂ ಅಪ್ಪ ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಇಲ್ಲಿಗೇ. ನಾವೆಲ್ಲ ಜೊತೆಗೆ ಹೋಗುತ್ತಿದ್ದೆವು. ಅವ್ವನೂ ಬರುತ್ತಿದ್ದಳಲ್ಲ?

"ಬರ್ತಿದ್ದೆ. ನೀವೆಲ್ಲಾ ಒಳಗ ಓಡತಿದ್ರಿ. ನಿಮ್ಮ ಚಪ್ಲಿ, ಬುತ್ತಿ, ಬಂದವರ ಚೀಲ ಎಲ್ಲಾ ನನ್ ಕೂಡ. ನಿನ್ ತಮ್ಮ ತೊಡಿಮ್ಯಾಗ ಮಲಗಿರ್ತಿದ್ದ. ಝರಣಿಗಿ ಹೋದಾಗೂ ಅಷ್ಟೇ. ನೀವು ನೀರಾಗ ಹೋಗಿ ಬರಾ ತನ ನಿಮ್ಮ ಒಣ ಬಟ್ಟಿ ಕಾಯ್ಕೋತ ಕೂತಿರ್ತಿದ್ದೆ. ಒಳಗ ನರಸಿಂಹ ಹೆಂಗ ಅದಾನೋ ನನಗ ಗೊತ್ತಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಉಪ್ಪು ಎಲ್ಲಿದೆ ಅಂತ ಹೇಳುವ ಹಾಗೆ ಹೇಳಿದಳು.

ನನಗೆ ನೆನಪಿರುವುದು ಅಪ್ಪನ ಹೆಗಲು. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರು, ಮೇಲೆ ಬಾವಲಿ, ನಾನು ಅಪ್ಪನ ಹೆಗಲ ಮೇಲೆ ಕೂತು ಕಿರುಚುತ್ತಿದ್ದದ್ದು. ಹೊರಗೆ ಬಂದ ಕೂಡಲೇ ಬೆಚ್ಚಗಿನ ಟವೆಲ್ಲು, ಒಣ ಫ್ರಾಕು ಸಿಗುತ್ತಿತ್ತು. ಅದು ಯಾರ ಕೈಯಿಂದ ಬರುತ್ತಿತ್ತು ಅಂತ ಯೋಚನೆಯೇ ಮಾಡಿರಲಿಲ್ಲ.

ಚೀಲಗಳನ್ನೆಲ್ಲ ನನ್ನ ಕಡೆ ಎಳೆದುಕೊಂಡು, ಅವ್ವನನ್ನು ಹೆಚ್ಚು ಕಡಿಮೆ ನೂಕಿ ಒಳಗೆ ಕಳಿಸಿದೆ. ಬಾಗಿಲ ಹತ್ತಿರ ಹೋಗಿ ಒಮ್ಮೆ ತಿರುಗಿ ನೋಡಿದಳು. ನನ್ನನ್ನಲ್ಲ, ಸೀತಾಫಲದ ಬುಟ್ಟಿಯನ್ನು.

ಈ ಪತ್ರದ ಅರ್ಧ ಭಾಗ ಆಗ ಬೇಳೆ ಚೀಲದ ಮೇಲೆ ಕೂತು ಮೊಬೈಲಿನಲ್ಲಿ ಬರೆದದ್ದು. ಎದುರಿಗೆ ಆ ಗೋಡೆ. ನೀಲಿ, ಹಸಿರು, ಹಳದಿ ಹೆಂಚಿನ ಚೂರು ಇನ್ನೂ ಅಂಟಿಕೊಂಡಿವೆ. ಇದನ್ನು ಕಟ್ಟಿಸಿದವನು ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್. 1472ರಲ್ಲಿ ಮುಗಿಯಿತು. ಅವನೂ ಹೊರಗಿನಿಂದ ಬಂದವನೇ, ಇರಾನಿನ ಗಿಲಾನಿನಿಂದ. ಮೂರಂತಸ್ತು, ಮಸೀದಿ, ಪುಸ್ತಕ ಭಂಡಾರ, ಮೇಷ್ಟ್ರುಗಳಿಗೆ ಬೇರೆ ಮನೆ. ಓದಲು ಬಂದ ಹುಡುಗರಿಗೆ 36 ಕೋಣೆ. ಅಂದರೆ ದೂರದಿಂದ ಬಂದವರು ಮೊದಲು ಗಂಟು ಇಳಿಸಬೇಕು, ಆಮೇಲೆ ಓದು, ಅನ್ನುವುದು 550 ವರ್ಷದ ಹಿಂದೆ ಈ ಊರಿಗೆ ಗೊತ್ತಿತ್ತು. 17ನೇ ಶತಮಾನದ ಕೊನೆಗೆ ಮೊಗಲರ ಸೈನಿಕರು ಇಲ್ಲಿದ್ದಾಗ ಸಿಡಿಮದ್ದು ಸಿಡಿದು ಮುಂಭಾಗ, ಒಂದು ಮಿನಾರು ಹೋದವು ಅನ್ನುತ್ತಾರೆ. ಸಾಮಾನನ್ನು ತಪ್ಪು ಜಾಗದಲ್ಲಿ ಇಟ್ಟರೆ ಹಾಗೆಯೇ ಆಗುವುದು.

ಗವಾನ್ ಪತ್ರ ಬರೆಯುವುದರಲ್ಲಿ ದೊಡ್ಡ ಹೆಸರು ಮಾಡಿದವನು. ಅವನ ಪತ್ರಗಳು ಇವತ್ತಿಗೂ ಉಳಿದಿವೆ. ಆದರೆ ಅವನ ಜೀವ ತೆಗೆದದ್ದೂ ಪತ್ರವೇ. ಆಗದವರು ಅವನ ಮೊಹರು ಬಿದ್ದ ಕಾಗದದ ಮೇಲೆ ಸುಳ್ಳು ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ತಲೆ ಹೋಯಿತು. ನನ್ನ ಹತ್ತಿರ ಮೊಹರಿಲ್ಲ, ಸದ್ಯ.

ಸರಿ, ಈಗ ಕೆಲಸದ ಮಾತು.

ಕೋಣೆ ಹಳೆ ಊರಿನಲ್ಲೇ ಇರಲಿ, ಕೋಟೆಗೂ ಚೌಬಾರಾಕ್ಕೂ ನಡುವೆ. ಬಸ್ಸು ನಿಲ್ಲುವ ಕಡೆ ಇನ್ನೊಂದು ಆದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ 6ರಿಂದ ರಾತ್ರಿ 9ರ ತನಕ ತೆಗೆದಿರಲಿ. ಚೀಲಕ್ಕೆ 20 ರೂಪಾಯಿ ತಗೊಳ್ಳಿ, ಸುಮ್ನೆ ಕೊಡಿ ಅಂತ ಯಾರೂ ಕೇಳುತ್ತಿಲ್ಲ. ನಡೆಸಲು ಮಹಿಳೆಯರ ಸ್ವಸಹಾಯ ಸಂಘಕ್ಕೆ ಕೊಟ್ಟರೆ ನಾಲ್ಕು ಮನೆಗೆ ದುಡ್ಡು ಬರುತ್ತದೆ. ಪಕ್ಕದಲ್ಲಿ ಒಂದು ಬೆಂಚು, ಕುಡಿಯಲು ನೀರು, ಬಾಗಿಲಿಗೆ ಚಿಲಕ ಇರುವ ಒಂದು ಶೌಚಾಲಯ. ಚಿಲಕದ ಮಾತು ಬೇಕೆಂದೇ ಬರೆದೆ. ಟೋಕನ್ ಬಿದ್ರಿಯದು ಮಾಡಬೇಡಿ. ಅಷ್ಟು ಚೆಂದ ಇದ್ದರೆ ಜನ ಸಾಮಾನು ಬಿಟ್ಟು ಟೋಕನ್ನೇ ತಗೊಂಡು ಹೋಗುತ್ತಾರೆ.

"ಯಾರಾದ್ರೂ ಏನಾದ್ರೂ ಇಟ್ ಹೋದ್ರೆ?" ಅಂತ ಒಬ್ಬ ನೆಂಟರು ಕೇಳಿದರು. ಸರಿಯಾದ ಪ್ರಶ್ನೆಯೇ. ದೊಡ್ಡ ರೈಲು ನಿಲ್ದಾಣಗಳಲ್ಲಿ ಗುರುತಿನ ಚೀಟಿ ನೋಡಿ, ಚೀಲಕ್ಕೆ ಬೀಗ ಇದ್ದರೆ ಮಾತ್ರ ಇಟ್ಟುಕೊಳ್ಳುತ್ತಾರೆ. ಅದೇ ಇಲ್ಲೂ ಮಾಡಿ. ನಮ್ಮ ಹಿಂಡಿಯ ಗಂಟಿಗೆ ಬೀಗ ಹೇಗೆ ಹಾಕುವುದು ಅಂತ ನಾವು ನೋಡಿಕೊಳ್ಳುತ್ತೇವೆ.

ಇದು ನಮ್ಮಂಥ ಊರು ಬಿಟ್ಟವರಿಗೆ ಮಾತ್ರ ಬೇಕಾದದ್ದು ಅಂದುಕೊಳ್ಳಬೇಡಿ. ಔರಾದಿನಿಂದ, ಭಾಲ್ಕಿಯಿಂದ, ಹಳ್ಳಿಗಳಿಂದ ಕೋರ್ಟಿಗೆ, ಆಸ್ಪತ್ರೆಗೆ, ಮದುವೆ ಸಂತೆಗೆ ಬರುವವರನ್ನು ಒಮ್ಮೆ ನೋಡಿ. ಪ್ರತಿ ಗುಂಪಿನಲ್ಲೂ ಒಬ್ಬಳು ಹೆಂಗಸು ಕಟ್ಟೆಯ ಮೇಲೆ ಕೂತಿರುತ್ತಾಳೆ, ಸುತ್ತ ಚೀಲ. ಆ ದಿನದಿಂದ ನನಗೆ ಎಲ್ಲಿ ಹೋದರೂ ಅವಳೇ ಕಾಣುತ್ತಿದ್ದಾಳೆ.

ಅಂಗಡಿಯವರಿಗೆ ಒಂದು ಮಾತು. ಆಡಳಿತದವರು ಕೋಣೆ ಕಟ್ಟುವ ತನಕ ಕಾಯಬೇಕಿಲ್ಲ. ನಿಮ್ಮ ಅಂಗಡಿಯ ಹಿಂದೆ ಒಂದು ಮೂಲೆ ಇದ್ದರೆ, "ಇಲ್ಲಿ ಸಾಮಾನು ಇಡಬಹುದು" ಅಂತ ಒಂದು ಬೋರ್ಡು ಹಾಕಿ. ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ, ಮರಾಠಿ ತೆಲುಗಿನವರೂ ಬರುತ್ತಾರೆ. ನಮ್ಮ ಚಾಚಾ ನಮ್ಮಿಂದ ಒಂದು ರೂಪಾಯಿ ತಗೊಳ್ಳಲಿಲ್ಲ. ಆದರೆ ಒಂದು ಡಬ್ಬಿ ತಗೋಬೇಕು ಅಂತ ಹೋದ ನಾವು ತಗೊಂಡದ್ದು ಮೂರು. ಲೆಕ್ಕ ನೀವೇ ಹಾಕಿ.

ಅವ್ವ 40 ನಿಮಿಷ ಆದ ಮೇಲೆ ಹೊರಗೆ ಬಂದಳು. ಕಾಲಿಗೆ ಧೂಳು, ಮುಡಿದ ಸೇವಂತಿಗೆ ಒಂದು ಕಡೆ ಜಾರಿತ್ತು. "ಒಳಗ ಎಷ್ಟ್ ತಂಪದ ಗೊತ್ತದೇನು" ಅಂದಳು. ಯಾರೋ ಕಾಲೇಜು ಹುಡುಗಿಯರ ಜೊತೆ ಫೋಟೊ ತೆಗೆಸಿಕೊಂಡಳಂತೆ. ಆ ಫೋಟೊ ಅವರ ಮೊಬೈಲಿನಲ್ಲೇ ಹೋಯಿತು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಅಳಿಸಬೇಡಿ ಅಮ್ಮಾ.

ಎರಡು ಸೀತಾಫಲ ಅಷ್ಟರಲ್ಲಿ ಒಡೆದಿದ್ದವು. ಗೋಡೆಗೆ ಒರಗಿ ಇಬ್ಬರೂ ತಿಂದೆವು. ನಾನು ಗಡಿಯಾರ ನೋಡಿ, "ನಡಿ ಅವ್ವಾ, ಬಸ್ಸಿಗಿ ಹೊತ್ತಾಯ್ತು" ಅಂದೆ.

ಅವ್ವ ಬೀಜಗಳನ್ನು ಒಂದು ಕಾಗದದಲ್ಲಿ ಕಟ್ಟುತ್ತಾ, "ಹಿಂದಿನ ಕಡಿ ನೋಡೇ ಇಲ್ಲ ಇನ್ನಾ" ಅಂದಳು.

ಹಿಂದಿನ ಕಡೆ ನೋಡಲು ಮುಂದಿನ ದೀಪಾವಳಿಗೆ ಬರುತ್ತಿದ್ದೇವೆ. ಆಮೇಲೆ ಝರಣಿಗೂ ಹೋಗಬೇಕಂತೆ. ಸಾಮಾನು ಈ ಸಲಕ್ಕಿಂತ ಕಡಿಮೆ ಇರುತ್ತದೆ ಅಂತ ಮಾತು ಕೊಡಲಾರೆ. ಚಿಗವ್ವ ಈಗಲೇ ಫೋನಿನಲ್ಲಿ ಸಂಡಿಗೆಯ ಮಾತು ತೆಗೆದಿದ್ದಾಳೆ.

ಇಂತಿ,
ಚೌಬಾರಾ ಹತ್ತಿರದ ಓಣಿಯ ಒಬ್ಬ ಮಗಳು